ಹನ್ನೊಂದು ವೋಟಿನ ಶಾಲೆ

ಹದಿನಾಲ್ಕನೇ ನಂಬರ್ ಬಸ್ಸಿನಿಂದ ಕೊನೆಯ ಮಗು ಇಳಿದ ಮೇಲೂ ವರ್ನಾ ಲುಂಡ್‌ಕ್ವಿಸ್ಟಳ ಕೆಲಸ ಮುಗಿಯುವುದಿಲ್ಲ. ಬಸ್ಸನ್ನು ಡಿಪೋಗೆ ತಂದು, ಎಂಜಿನ್ ಆರಿಸಿ, ಸೊಂಟ ಹಿಡಿದುಕೊಂಡು ಎದ್ದು, ಒಂದೊಂದೇ ಸೀಟಿನ ಮೇಲೂ ಕೆಳಗೂ ಕಣ್ಣಾಡಿಸುತ್ತ ಹಿಂಬಾಗಿಲವರೆಗೆ ನಡೆಯಬೇಕು. ಅಲ್ಲಿನ ಗಾಜಿಗೆ 'ಬಸ್ಸು ಖಾಲಿ' ಎಂಬ ಹಲಗೆ ತೂಗುಹಾಕಬೇಕು. ನಿದ್ದೆ ಹೋದ ಮಗುವೊಂದು ಸೀಟಿನ ಸಂದಿಯಲ್ಲಿ ಉಳಿದುಬಿಟ್ಟರೆ ಏನು ಗತಿ? ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಆಕೆ ಈ ನಡಿಗೆ ತಪ್ಪಿಸಿದವಳಲ್ಲ. ಬೇರೆ ಡ್ರೈವರುಗಳು ಅರ್ಧಕ್ಕೇ ನಿಂತು ಕತ್ತು ಚಾಚಿ ನೋಡಿ ವಾಪಸಾಗುತ್ತಾರೆ. ವರ್ನಾ ಹಾಗಲ್ಲ. ಕೊನೆಯ ಸೀಟು ಮುಟ್ಟಿಯೇ ತಿರುಗುವವಳು.

ಮೊದಲೆಲ್ಲ ಸೀಟಿಗೆ ಇಬ್ಬರು ಮಕ್ಕಳು, ಪಕ್ಕದಲ್ಲಿ ಅವರ ಚೀಲ. ಈಗ ಸೀಟಿಗೆ ಮೂವರು, ಚೀಲ ತೊಡೆಯ ಮೇಲೆ. ಹ್ಯಾಡ್‌ಲೆಂಡ್ ಊರಿನ ಸುತ್ತ ಇದ್ದ ರಾಸ್ಪ್‌ಬೆರಿ ಹೊಲಗಳೆಲ್ಲ ಮನೆಗಳಾಗಿವೆ, ಶಾಲೆ ಮಾತ್ರ ಇದ್ದಷ್ಟೇ ಇದೆ. ಆಟದ ಮೈದಾನದಲ್ಲಿ ಗಾಲಿಯ ಮೇಲೆ ತಂದಿಳಿಸಿ ತರಗತಿ ನಡೆಸುವ ಡಬ್ಬಿ ಕೋಣೆಗಳು ಎಂಟಾಗಿವೆ. ಮೂತ್ರಕ್ಕೆ ಹೋಗಬೇಕೆಂದರೂ ಮಕ್ಕಳು ಮಳೆಯಲ್ಲಿ ಜಾಕೆಟ್ ಹಾಕಿಕೊಂಡು ಹಳೆಯ ಕಟ್ಟಡಕ್ಕೆ ಓಡಬೇಕು.

ಮೇ ತಿಂಗಳ ಒಂದು ಶುಕ್ರವಾರ ವರ್ನಾ ಹಲಗೆ ತೂಗುಹಾಕಿ ಇಳಿಯುವಾಗ ಶಾಲೆಯ ಮುಖ್ಯಸ್ಥೆ ಮಿಸೆಸ್ ಒಕಾಂಪೋ ಬಸ್ಸಿನ ಮೆಟ್ಟಿಲ ಹತ್ತಿರವೇ ಕಾದು ನಿಂತಿದ್ದಳು.

"ವರ್ನಾ, ಮಂಗಳವಾರ ಸಂಜೆ ಕೌಂಟಿ ಕಚೇರೀಲಿ ಸಭೆ ಇದೆ. ನೀವು ಬಂದು ಎರಡು ಮಾತು ಆಡ್ಬೇಕು."

"ನಾನಾ? ನಂಗೆ ಮಾತು ಬರಲ್ಲ, ಹಾರ್ನ್ ಬರುತ್ತೆ ಅಷ್ಟೆ."

"ತಮಾಷೆ ಅಲ್ಲ ವರ್ನಾ. ನಾನು ಹೇಳಿದ್ರೆ 'ಇವಳ ಶಾಲೆ, ಇವಳು ಕೇಳ್ತಾಳೆ' ಅಂತಾರೆ. ನೀವು ಹೇಳಿದ್ರೆ ಕೇಳ್ತಾರೆ. ಈ ಊರಲ್ಲಿ ಅರ್ಧ ಜನ ನಿಮ್ಮ ಬಸ್ಸಲ್ಲೇ ಬೆಳೆದೋರು."

ವಿಷಯ ಇಷ್ಟು. ಫೆಬ್ರವರಿಯಲ್ಲಿ ಹೊಸ ಶಾಲೆಗೆಂದು ಮನೆ ತೆರಿಗೆ ಸ್ವಲ್ಪ ಏರಿಸಬಹುದೇ ಎಂದು ಊರಿನ ವೋಟು ಕೇಳಿದ್ದರು. ಅಂಥದ್ದಕ್ಕೆ ನೂರಕ್ಕೆ ಅರವತ್ತು ಮಂದಿ ಹೂಂ ಅನ್ನಬೇಕು. ಹ್ಯಾಡ್‌ಲೆಂಡಿನಲ್ಲಿ ಲೆಕ್ಕ ಮುಗಿದಾಗ, ಬೇಡ ಅಂದವರಲ್ಲಿ ಬರೀ ಹನ್ನೊಂದು ಮಂದಿ ಬೇಕು ಅಂದಿದ್ದರೆ ಸಾಕಿತ್ತು ಎಂದು ತಿಳಿಯಿತು. ಹನ್ನೊಂದು! ಒಂದು ಊಟದ ಮೇಜಿಗೆ ಸಾಲದಷ್ಟು ಜನ. ತೆರಿಗೆ ಬಿದ್ದುಹೋಯಿತು. ಅದಕ್ಕೇ ಈಗ ಶಾಲೆಯವರು ಬೇರೆ ದಾರಿ ಹಿಡಿದಿದ್ದರು. ಇನ್ನು ಮುಂದೆ ಕಟ್ಟುವ ಪ್ರತಿ ಹೊಸ ಮನೆಯ ಮೇಲೂ ಹದಿನಾಲ್ಕು ಸಾವಿರ ಡಾಲರ್ ಶಾಲೆ ಶುಲ್ಕ ಹಾಕಿ ಎಂದು ಕೌಂಟಿಯನ್ನು ಕೇಳಿದ್ದರು, ಮಂಗಳವಾರದ ಸಭೆ ಅದಕ್ಕೇ. ಕೊಡುವವನು ಬಿಲ್ಡರ್. ಆದರೆ ಬಿಲ್ಡರ್ ಕೈಯಿಂದ ಕೊಟ್ಟಾನೆಯೇ? ಮನೆಯ ಬೆಲೆಗೇ ಸೇರಿಸುತ್ತಾನೆ. ಅಷ್ಟು ತಿಳಿಯದವರು ಯಾರೂ ಇರಲಿಲ್ಲ.

"ಬರ್ತೀನಿ," ಅಂದುಬಿಟ್ಟಳು ವರ್ನಾ. ಅಂದ ಮೇಲೆ, ಯಾಕಾದರೂ ಅಂದೆನೋ ಅನ್ನಿಸಿತು.

ಯಾಕೆಂದರೆ ಹೊಸ ಮನೆಗೆ ಕಾದು ಕೂತವಳು ಆಕೆಯ ಮಗಳೇ. ಬ್ರಿಟಾ ಆಸ್ಪತ್ರೆಯಲ್ಲಿ ದಾದಿಯ ಸಹಾಯಕಿ. ಗಂಡ ಬಿಟ್ಟು ಹೋದ ಮೇಲೆ, ಈಗ ಏಳು ವರ್ಷದವನಾದ ಮಗ ಆಸ್ಕರನನ್ನು ಕಟ್ಟಿಕೊಂಡು ಬಸ್ಸಿನ ದಾರಿಯ ತುದಿಯಲ್ಲಿ ಒಂದು ತಗಡಿನ ಬಾಡಿಗೆ ಮನೆಯಲ್ಲಿದ್ದಳು. ಆರು ವರ್ಷ ಎರಡೆರಡು ಪಾಳಿ ದುಡಿದು, ಶಾಲೆಯ ಪಕ್ಕದಲ್ಲೇ ಡ್ವೈಟ್ ಟಾರ್ಬರ್ಟ್ ಕಟ್ಟಲಿರುವ ಸಾಲುಮನೆಗಳಲ್ಲಿ ಒಂದಕ್ಕೆ ಮುಂಗಡ ಕೊಟ್ಟು ಹೆಸರು ಬರೆಸಿದ್ದಳು. ಬ್ಯಾಂಕಿನವರು ಇಷ್ಟೇ ಸಾಲ, ಇದಕ್ಕಿಂತ ಒಂದು ಬಿಡಿಗಾಸೂ ಹೆಚ್ಚಿಲ್ಲ ಎಂದು ಗೆರೆ ಎಳೆದಿದ್ದರು. ಶುಲ್ಕ ಬಂದರೆ ಮನೆ ಗೆರೆಯಾಚೆ ಹೋಗುತ್ತದೆ.

ಇದು ಹೊರಗೆ ಕಾಣುವ ಕಷ್ಟ. ಒಳಗೆ ಇನ್ನೊಂದಿತ್ತು, ಅದು ದೇವರಿಗೂ ವರ್ನಾಳಿಗೂ ಮಾತ್ರ ಗೊತ್ತಿತ್ತು. ಫೆಬ್ರವರಿಯ ಆ ವೋಟಿನಲ್ಲಿ ವರ್ನಾ 'ಬೇಡ' ಎಂದು ಗುರುತು ಹಾಕಿದ್ದಳು.

ಕೆಟ್ಟವಳೇನಲ್ಲ ಆಕೆ. ಗಂಡ ರಾಯ್ ತೀರಿಕೊಂಡು ಆಗಷ್ಟೇ ವರ್ಷವಾಗಿತ್ತು, ಅವನ ಪಿಂಚಣಿ ಅರ್ಧಕ್ಕಿಳಿದಿತ್ತು, ಸೂರು ಸೋರುತ್ತಿತ್ತು. ಅಂಚೆಯಲ್ಲಿ ಬಂದ ಮತಪತ್ರ ಅಡುಗೆ ಮೇಜಿನ ಮೇಲೆ ಹತ್ತು ದಿನ ಬಿದ್ದಿತ್ತು. 'ಊರೆಲ್ಲ ಹೂಂ ಅನ್ನುತ್ತೆ, ಶಾಲೆ ಹೇಗೂ ಆಗುತ್ತೆ, ನನ್ನದೊಂದು ಇಲ್ಲದಿದ್ದರೆ ಯಾರಿಗೇನು ನಷ್ಟ' ಎಂದುಕೊಂಡು ಗುರುತು ಹಾಕಿ, ಗ್ರಂಥಾಲಯದ ಮುಂದಿನ ಮತಪೆಟ್ಟಿಗೆಗೆ ಹಾಕಿ ಬಂದಿದ್ದಳು. ಹೂಂ ಅಂದ ಊರಿಗೆ ಶಾಲೆಯೂ ಆಗಲಿ, ಬೇಡ ಅಂದ ತನ್ನ ಮನಸ್ಸಿಗೆ ಸಮಾಧಾನವೂ ಇರಲಿ ಎನ್ನುವ ಆಸೆ. ಹೀಗೆ ಎಣಿಸಿದವರು ಊರಿನಲ್ಲಿ ಇನ್ನೂ ಹತ್ತು ಮಂದಿ ಇದ್ದಿರಬೇಕು, ಅದೇ ಆದದ್ದು.

ಭಾನುವಾರ ಬ್ರಿಟಾ ಮಗನನ್ನು ಕರೆದುಕೊಂಡು ಊಟಕ್ಕೆ ಬಂದಳು. ಕೋಳಿ ಹುರಿದಾಗಿತ್ತು, ಆಲೂಗಡ್ಡೆ ಬೆಂದಿತ್ತು. ಬ್ರಿಟಾ ಜಾಕೆಟ್ ಕೂಡ ತೆಗೆಯಲಿಲ್ಲ.

"ಅಮ್ಮ, ನೀನು ಮಂಗಳವಾರ ಶುಲ್ಕದ ಪರ ಮಾತಾಡ್ತೀಯಂತೆ. ಹೌದಾ?"

"ಪರ ಅಂತ ಯಾರಂದ್ರು? ಬಸ್ಸಲ್ಲಿ ಎಷ್ಟು ಮಕ್ಕಳಿದಾವೆ ಅಂತ ಹೇಳ್ತೀನಿ, ಅಷ್ಟೆ."

"ಅಷ್ಟೇನಾ? ಆ ಮಕ್ಕಳನ್ನ ತೋರಿಸಿ ನನ್ನ ಮನೆ ಕಿತ್ಕೋತಾರೆ. ನಾನೂ ಬರ್ತೀನಿ. ವಿರೋಧ ಅಂತ ಬರೆಸಿ ಮಾತಾಡ್ತೀನಿ."

"ಮಾತಾಡು. ಬೇಡ ಅಂದವರು ಯಾರು?"

"ಅದೇ ನಾನೂ ಕೇಳ್ತಿರೋದು. ಫೆಬ್ರವರಿಯಲ್ಲಿ ಬೇಡ ಅಂದವರು ಯಾರು?" ಬ್ರಿಟಾ ಫೋರ್ಕನ್ನು ಮೇಜಿನ ಮೇಲೆ ಕುಕ್ಕಿದಳು. "ಹಳೇ ಮನೆಯೋರು! ತಮ್ಮ ಮಕ್ಕಳು ಓದಾಯ್ತು, ಮನೆ ಸಾಲ ತೀರಾಯ್ತು, ಈಗ ಹತ್ತಿದ ಏಣೀನೇ ಒದೀತಾರೆ. ಹನ್ನೊಂದು ಜನ ಅಮ್ಮ. ಅವರ ಮುಖ ಒಂದ್ಸಲ ನೋಡ್ಬೇಕು ನಾನು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ವರ್ನಾಳ ಕೈ ತನ್ನಷ್ಟಕ್ಕೇ ಕೊರಳಿಗೆ ಹೋಯಿತು. ಹೇಳಿಬಿಡಲೇ ಅನ್ನಿಸಿತು. ಬಾಯಿ ತೆರೆದಳು ಕೂಡ.

"ಉಪ್ಪು ಬೇಕಾ?" ಅಂದಳು.

ಆಸ್ಕರ್ ಎರಡನೇ ಸಲ ಆಲೂಗಡ್ಡೆ ಬಡಿಸಿಕೊಳ್ಳುತ್ತ, "ಹೊಸ ಮನೆಗೆ ಹೋದ್ರೆ ನಾನು ಶಾಲೆಗೆ ನಡ್ಕೊಂಡೇ ಹೋಗಬಹುದು ಅಜ್ಜಿ. ನಿನ್ನ ಬಸ್ಸಿಗೆ ಬರಲ್ಲ. ಬೇಜಾರಾಗ್ಬೇಡ," ಅಂದ. ಬೆಳಿಗ್ಗೆ ಏಳಕ್ಕೆ ಮುಂಚೆಯೇ ಬಸ್ಸು ಹತ್ತುವ ಮೊದಲ ಮಗು ಅವನು, ಸಂಜೆ ಇಳಿಯುವ ಕೊನೆಯ ಮಗುವೂ ಅವನೇ. ವಾರಕ್ಕೆ ಮೂರು ಸಲವಾದರೂ ಸೀಟಿನಲ್ಲಿ ಬಾಯಿ ತೆರೆದು ಮಲಗಿರುತ್ತಾನೆ, ವರ್ನಾ ಭುಜ ತಟ್ಟಿ ಎಬ್ಬಿಸಬೇಕು.

ಮಂಗಳವಾರ ಕೌಂಟಿ ಕಚೇರಿಯ ಸಭಾಂಗಣ ಕಿಕ್ಕಿರಿದಿತ್ತು. ಬಾಗಿಲಲ್ಲಿ ಒಂದು ಹಾಳೆ, ಮಾತಾಡುವವರು ಹೆಸರು ಬರೆದು 'ಪರ' ಅಥವಾ 'ವಿರೋಧ' ಚೌಕದಲ್ಲಿ ಗುರುತು ಹಾಕಬೇಕು. ವರ್ನಾ ಪೆನ್ನು ಹಿಡಿದು ನಿಂತೇ ಇದ್ದಳು.

"ಏನಮ್ಮ, ಹಿಂದೆ ಸಾಲು ಇದೆ," ಎಂದಳು ಗುಮಾಸ್ತೆ.

"ಎರಡೂ ಅಲ್ಲದಿದ್ರೆ?"

"ಎರಡೂ ಅಲ್ಲದೋರು ಮನೇಲಿ ಟಿವಿ ನೋಡ್ತಿರ್ತಾರೆ."

ವರ್ನಾ ಎರಡು ಚೌಕದ ನಡುವೆ ಒಂದು ಚುಕ್ಕಿ ಇಟ್ಟು ಒಳಗೆ ಹೋದಳು. ಅತ್ತ ದರಿ, ಇತ್ತ ಪುಲಿ.

ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರುಗಳು ಎತ್ತರದ ಮೇಜಿನ ಹಿಂದೆ ಕೂತಿದ್ದರು. ಅಧ್ಯಕ್ಷ ಲೈಲ್ ಹೆಂಡ್ರಿಕ್ಸ್ ನಿಯಮ ಹೇಳಿದ: ಒಬ್ಬರಿಗೆ ಮೂರು ನಿಮಿಷ, ಕೆಂಪು ದೀಪ ಹತ್ತಿದರೆ ಮಾತು ಬಂದ್. ಚಪ್ಪಾಳೆ ಇಲ್ಲ, ಕೂಗಾಟ ಇಲ್ಲ, ಒಪ್ಪಿಗೆಯಾದರೆ ಸುಮ್ಮನೆ ಕೈ ಆಡಿಸಿ. ಮೊದಲು ಹೆಸರು ಮತ್ತು ವಿಳಾಸ.

ಡ್ವೈಟ್ ಟಾರ್ಬರ್ಟ್ ಬೂಟಿನ ಮಣ್ಣಿನ ಸಮೇತ ಎದ್ದು ನಿಂತ. "ನಾನು ವರ್ಷಕ್ಕೆ ನಾಲ್ಕು ಮನೆ ಕಟ್ಟೋನು. ದೊಡ್ಡ ಕಂಪನಿಯೋರಿಗೆ ಇದು ಸೊಳ್ಳೆ ಕಚ್ಚಿದ ಹಾಗೆ. ನಾನು ಕಟ್ಟೋದು ದಾದಿಯರಿಗೆ, ಮೇಷ್ಟ್ರುಗಳಿಗೆ. ಮಕ್ಕಳಿಗೆ ಪಾಠ ಹೇಳೋ ಮೇಷ್ಟ್ರೇ ಈ ಊರಲ್ಲಿ ಮನೆ ಕೊಳ್ಳೋಕಾಗದಿದ್ರೆ ಶಾಲೆ ಕಟ್ಟಿ ಏನ್ ಮಾಡ್ತೀರಿ?" ಅರ್ಧ ಸಭೆಯ ಕೈಗಳು ಆಡಿದವು. ಆಮೇಲೆ ಡಬ್ಬಿ ಕೋಣೆಯಲ್ಲಿ ಓದುವ ಹುಡುಗಿಯೊಬ್ಬಳ ತಂದೆ ಬಂದು, ಮಳೆಯಲ್ಲಿ ನೆನೆದು ಮಗಳಿಗೆ ಮೂರು ಸಲ ನ್ಯುಮೋನಿಯಾ ಆದದ್ದನ್ನು ಹೇಳುತ್ತ ಹೇಳುತ್ತ ಅರ್ಧಕ್ಕೇ ಕೂತುಬಿಟ್ಟ. ಇನ್ನರ್ಧ ಸಭೆಯ ಕೈಗಳು ಆಡಿದವು. ಇಬ್ಬರದೂ ನಿಜವೇ. ಸುಳ್ಳು ಹೇಳುವವರಾದರೂ ಒಬ್ಬರಿದ್ದಿದ್ದರೆ ಎಷ್ಟು ಸುಲಭವಿತ್ತು ಅನ್ನಿಸಿತು ವರ್ನಾಳಿಗೆ.

ಬ್ರಿಟಾ ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಿದ್ದಳು. ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು.

"ಶಾಲೆ ಬೇಡ ಅಂತ ನಾನು ಹೇಳ್ತಿಲ್ಲ. ನನ್ನ ಮಗ ಅದೇ ಶಾಲೇಲಿ ಓದ್ತಾನೆ. ಫೆಬ್ರವರಿಯಲ್ಲಿ ಬಾಡಿಗೆ ಮನೇಲಿದ್ಕೊಂಡೇ ಬೇಕು ಅಂತ ವೋಟ್ ಹಾಕಿದೀನಿ. ಊರಿನ ಶಾಲೆ ಊರೇ ಕಟ್ಟಬೇಕಿತ್ತು. ಬೇಡ ಅಂದವರ ಪಾಲನ್ನ ಈಗ ನಾನು ಯಾಕೆ ಕಟ್ಲಿ? ಅವರು ಯಾರೋ ಇಲ್ಲೇ ಕೂತಿರ್ತಾರೆ. ಎದ್ದು ನಿಂತು ಹೇಳ್ಲಿ ನೋಡೋಣ, ನನ್ನ ಮಗಂಗಿಂತ ಅವರಿಗೆ ಏನು ದೊಡ್ಡದಾಗಿತ್ತು ಅಂತ."

ಕೆಂಪು ದೀಪ ಹತ್ತಿತು. ಈ ಸಲ ಕೈ ಆಡಿಸಿದವರು ಕಡಿಮೆ. ತುಂಬಾ ಮಂದಿ ತಮ್ಮ ಮೊಣಕಾಲು ನೋಡುತ್ತಿದ್ದರು.

"ವರ್ನಾ ಲುಂಡ್‌ಕ್ವಿಸ್ಟ್," ಎಂದು ಕರೆದ ಲೈಲ್.

ಮಿಸೆಸ್ ಒಕಾಂಪೋ ಬರೆದುಕೊಟ್ಟ ಚೀಟಿ ವರ್ನಾಳ ಕೈಯಲ್ಲಿತ್ತು. ಮೈಕಿನವರೆಗೆ ಹನ್ನೆರಡು ಹೆಜ್ಜೆ. ಬಸ್ಸಿನ ಹಿಂಬಾಗಿಲವರೆಗೆ ನಡೆಯುವುದಕ್ಕಿಂತ ಹೆಚ್ಚೇನಲ್ಲ. ಎಣಿಸಿಕೊಂಡು ನಡೆದಳು.

"ವರ್ನಾ ಲುಂಡ್‌ಕ್ವಿಸ್ಟ್. ನಲವತ್ತೊಂದು, ಮಿಲ್ ರಸ್ತೆ. ಹದಿನಾಲ್ಕನೇ ಬಸ್ ಓಡಿಸ್ತೀನಿ." ಚೀಟಿ ನೋಡಿದಳು. "ನನ್ನ ಬಸ್ಸಲ್ಲಿ ಅರವತ್ತೊಂಬತ್ತು ಮಕ್ಕಳು. ಐದು ವರ್ಷದ ಹಿಂದೆ ನಲವತ್ತು. ಮೊದಲು ಹತ್ತಿದ ಮಗು ಶಾಲೆ ಮುಟ್ಟೋಕೆ ಒಂದು ಗಂಟೆ ಹತ್ತು ನಿಮಿಷ ಬೇಕು." ಹಸಿರು ದೀಪ ಉರಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಬ್ರಿಟಾ ಮುಖ ತಿರುಗಿಸಿ ಕೂತಿದ್ದಳು. ವರ್ನಾ ಚೀಟಿಯನ್ನು ಮಡಚಿ ಜೇಬಿಗಿಟ್ಟಳು.

"ಈಗ ಮಾತಾಡಿ ಹೋದ ಹುಡುಗಿ ಒಂದು ಪ್ರಶ್ನೆ ಕೇಳಿದ್ಲು. ಬೇಡ ಅಂದವರು ಎದ್ದು ನಿಲ್ಲಿ ಅಂದ್ಲು. ನಾನು ನಿಂತೇ ಇದ್ದೀನಿ. ಒಬ್ಬಳು ನಾನು."

ಹಿಂದಿನಿಂದ ಯಾರೋ, "ಅಯ್ಯೋ ದೇವರೇ, ವರ್ನಾ," ಅಂದರು. ಲೈಲ್ ಸುತ್ತಿಗೆ ಕುಟ್ಟಿದ.

"ಸೂರು ಸೋರ್ತಿತ್ತು. ನಿಮ್ಮಲ್ಲಿ ಎಲ್ರ ಸೂರೂ ಸೋರಿರುತ್ತೆ, ಅದೇನು ದೊಡ್ಡ ಕಾರಣ ಅಲ್ಲ. ನಿಜ ಹೇಳ್ತೀನಿ, ನೀವೆಲ್ಲ ಹೂಂ ಅಂತೀರ, ನಾನೊಬ್ಬಳು ತಪ್ಪಿಸ್ಕೊಂಡ್ರೆ ಗೊತ್ತಾಗಲ್ಲ ಅಂದ್ಕೊಂಡೆ. ಮಾರನೇ ದಿನ ಇದೇ ಮಕ್ಕಳನ್ನ ಹತ್ತಿಸ್ಕೊಂಡೆ, ಗುಡ್ ಮಾರ್ನಿಂಗ್ ಅಂದೆ. ನಾಚಿಕೆ ಆಗ್ಲಿಲ್ಲ ನಂಗೆ. ಈಗ ಆಗ್ತಿದೆ." ಹಳದಿ ದೀಪ ಬಂತು. "ಮೂವತ್ತೈದು ವರ್ಷದ ಹಿಂದೆ ರಾಯೂ ನಾನೂ ಮನೆ ಕಟ್ಟಿಸಿದಾಗ ನಮ್ಮನ್ನ ಯಾರೂ ಶುಲ್ಕ ಕೇಳ್ಲಿಲ್ಲ. ನಮ್ಮ ಮಗಳು ಓದಿದ ಶಾಲೆ ನಮಗಿಂತ ಮುಂಚೆ ಬಂದವರು ಕಟ್ಟಿದ್ದು. ಅದಕ್ಕೇ ಹೇಳ್ತೀನಿ, ಈ ಬಿಲ್ಲು ಅವಳಿಗೆ ಕಳಿಸ್ಬೇಡಿ. ನಂಗೆ ಕಳಿಸಿ. ನನ್ನಂಥೋರಿಗೆ..."

ಕೆಂಪು ದೀಪ. ಒಬ್ಬರೂ ಕೈ ಆಡಿಸಲಿಲ್ಲ.

ಲೈಲ್ ಕನ್ನಡಕ ತೆಗೆದು ಒರೆಸಿಕೊಂಡ. ಅವನೂ ಒಂದು ಕಾಲದಲ್ಲಿ ಇದೇ ಊರಿನ ಹಾಲು ಡೇರಿಯ ಹುಡುಗ. "ವರ್ನಾ, ನೀವು ಹೇಳಿದ್ದು ಸರಿ ಇರಬಹುದು. ಆದ್ರೆ ಹಳೇ ಮನೆಗಳ ಮೇಲೆ ಹಾಕೋ ಅಧಿಕಾರ ನಮಗಿಲ್ಲ, ಅದು ನಿಮ್ಮ ವೋಟಿಗೆ ಮಾತ್ರ ಇದ್ದಿದ್ದು. ನಮ್ಮ ಕೈಲಿರೋದು ಹೊಸ ಮನೆ ಒಂದೇ."

ಮೂವರು ಕಮಿಷನರುಗಳಲ್ಲಿ ಇಬ್ಬರು ಹೂಂ ಅಂದರು, ಶುಲ್ಕ ಪಾಸಾಯಿತು.

ಹೊರಗೆ ಇನ್ನೂ ಬೆಳಕಿತ್ತು. ಬ್ರಿಟಾ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದಳು. ವರ್ನಾ ಹತ್ತಿರ ಹೋದಳು, ಮುಟ್ಟಲು ಧೈರ್ಯ ಬರಲಿಲ್ಲ.

"ಭಾನುವಾರ ನನ್ನ ಎದುರು ಕೂತು ಕೋಳಿ ತಿಂದೆ," ಅಂದಳು ಬ್ರಿಟಾ. "ನಾನು ಅವರನ್ನ ಬೈತಾ ಇದ್ರೆ ಉಪ್ಪು ಬೇಕಾ ಅಂದೆ."

"ಹೇಳ್ಬೇಕು ಅಂತಿದ್ದೆ ಬ್ರಿಟಾ."

"ಊರಿಗೆಲ್ಲ ಮೈಕಲ್ಲಿ ಹೇಳೋಕೆ ಧೈರ್ಯ ಬಂತು, ನಂಗೆ ಅಡುಗೆಮನೇಲಿ ಹೇಳೋಕೆ ಬರ್ಲಿಲ್ಲ." ಕಣ್ಣೊರೆಸಿಕೊಂಡಳು. "ಹನ್ನೊಂದು ವೋಟು ಅಮ್ಮ. ವಾಪಸ್ ತಂದುಕೊಡ್ತೀಯಾ? ತಂದ ಮೇಲೆ ಮಾತಾಡು."

ಡ್ವೈಟ್ ಮುಂಗಡ ವಾಪಸ್ ಕೊಟ್ಟ. ಕೊಡುವಾಗ ಅವನ ಮುಖವೂ ಸಣ್ಣದಾಗಿತ್ತಂತೆ. ಆ ಮನೆ ಬೇರೆ ಊರಿನ ದಂಪತಿಗಳ ಪಾಲಾಯಿತು. ಬ್ರಿಟಾ ಹೇಳಿದ ಮಾತಿಗೆ ನಿಂತಳು, ಫೋನು ಇಲ್ಲ, ಭಾನುವಾರದ ಊಟವಿಲ್ಲ. ಬೆಳಿಗ್ಗೆ ಆಸ್ಕರನನ್ನು ಬಸ್ಸು ಹತ್ತಿಸುವಾಗಲೂ ಬಾಗಿಲಲ್ಲೇ ನಿಂತು ಕೈ ಬೀಸಿ ಒಳಗೆ ಹೋಗುತ್ತಿದ್ದಳು. ಬೀಸಿದ್ದು ಮಗನಿಗೆ.

"ಮಿಸ್ ವರ್ನಾ," ಅಂದ ಒಂದು ದಿನ ಆಸ್ಕರ್. ಬಸ್ಸಿನೊಳಗೆ ಅಜ್ಜಿ ಅನ್ನಬಾರದೆಂದು ಆಕೆಯೇ ಕಟ್ಟುಮಾಡಿದ್ದಳು. "ಅಮ್ಮ ನಿಮ್ಮ ಹತ್ರ ಮಾತು ಬಿಟ್ಟಿದಾಳಂತೆ. ನಾನು ಮಾತಾಡಬಹುದಾ?"

"ನೀನು ಮಾತಾಡಬಹುದು ಕಣೋ. ಸೀಟಲ್ಲಿ ಕೂತು ಮಾತಾಡು."

ಹೊಸ ಮನೆಗಳ ಶುಲ್ಕದಿಂದ ಇನ್ನೆರಡು ಡಬ್ಬಿ ಕೋಣೆ ಬರಬಹುದಿತ್ತು, ಶಾಲೆ ಬರುವಂತಿರಲಿಲ್ಲ. ನವೆಂಬರಿನಲ್ಲಿ ಮತ್ತೆ ಊರಿನ ವೋಟು ಕೇಳುವುದೆಂದು ತೀರ್ಮಾನವಾಯಿತು. ಸೆಪ್ಟೆಂಬರಿನ ಮೊದಲ ಶನಿವಾರ ವರ್ನಾ ಮಳೆಯಂಗಿ ಹಾಕಿಕೊಂಡು ಮಿಲ್ ರಸ್ತೆಯ ಮೊದಲ ಮನೆಯ ಬಾಗಿಲು ತಟ್ಟಿದಳು. ಬೇಕು ಅಂದವರ ಹತ್ತಿರ ಆಕೆಗೆ ಏನೂ ಕೆಲಸವಿರಲಿಲ್ಲ. ಬೇಡ ಅಂದವರು ಬೇಕಾಗಿತ್ತು. ಗುಟ್ಟಿನ ವೋಟು, ಯಾರ ಹಣೆಯ ಮೇಲೂ ಬರೆದಿರುವುದಿಲ್ಲ. ಅದಕ್ಕೆ ಒಂದು ಮನೆಯನ್ನೂ ಬಿಡದೆ ತಟ್ಟಿದಳು. "ನಾನು ಫೆಬ್ರವರಿಯಲ್ಲಿ ಬೇಡ ಅಂದಿದ್ದೆ. ನೀವು?" ಎಂದು ಶುರುಮಾಡುತ್ತಿದ್ದಳು. ಕೆಲವರು ನಕ್ಕರು, ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು. ಒಂದು ನಾಯಿ ಮಳೆಯಂಗಿಯ ಅಂಚನ್ನೇ ಕಿತ್ತುಕೊಂಡಿತು.

ರಾಸ್ಪ್‌ಬೆರಿ ಹೊಲ ಮಾರಿ ಮನೆಯಲ್ಲಿ ಕೂತಿದ್ದ ಎರ್ವಿನ್ ಮುದುಕ ಜಗಲಿಯಿಂದಲೇ ಕೂಗಿದ, "ಏನ್ ವರ್ನಾ, ಕೆಟ್ಟ ಮೇಲೆ ಬುದ್ಧಿ ಬಂತಾ?"

"ಬಂತು. ನಿಂಗೆ ಯಾವಾಗ ಬರುತ್ತೆ ಅಂತ ಕೇಳೋಕೆ ಬಂದೆ."

"ನಿನ್ನ ಬಸ್ಸು ನನ್ನ ಟಪ್ಪಾಲು ಡಬ್ಬೀನ ಎರಡು ಸಲ ಗುದ್ದಿದೆ."

"ಒಂದು ಸಲ. ಇನ್ನೊಂದು ಸಲ ಹಾಲಿನ ಲಾರಿ."

ಎರ್ವಿನ್ ಹೊಟ್ಟೆ ಕುಣಿಸಿ ನಕ್ಕ. ಆಮೇಲೆ ತನ್ನ ಹೊಲ ಇದ್ದ ಕಡೆಯ ಮನೆಸಾಲಿನತ್ತ ಕೈ ತೋರಿಸಿದ. "ಹೊಲ ಮಾರಿ ದುಡ್ಡು ಎಣಿಸಿಕೊಂಡೋನು ನಾನು. ಆ ಮನೆಗಳ ಮಕ್ಕಳಿಗೆ ಶಾಲೆ ಬೇಡ ಅಂದೋನೂ ನಾನೇ. ಕೊಡು ಇಲ್ಲಿ ಪೆನ್ನು," ಅಂದ.

ಹೀಗೆ ಒಂದು ಹೆಸರು. ಒಂದು ಶನಿವಾರಕ್ಕೆ ಎರಡು ಸಿಕ್ಕರೆ ಪುಣ್ಯ, ಎರಡು ಶನಿವಾರ ಒಂದೂ ಸಿಗಲಿಲ್ಲ. ಹಳೆಯ ರೂಟ್ ಹಾಳೆಯ ಬೆನ್ನಿಗೆ ಅವರವರ ಕೈಯಲ್ಲೇ ಹೆಸರು ಬರೆಸಿಕೊಂಡಳು.

ಅಕ್ಟೋಬರ್ ಕೊನೆಯ ಶನಿವಾರ ಮಧ್ಯಾಹ್ನ ದಾರಿಯ ತುದಿಯ ತಗಡಿನ ಮನೆಯ ಬಾಗಿಲನ್ನೂ ತಟ್ಟಿದಳು. ಬ್ರಿಟಾ ಬಾಗಿಲು ತೆರೆದಳು, ಕೈಯಲ್ಲಿ ಒದ್ದೆ ಬಟ್ಟೆ.

"ನಾನು ಮೊದಲೇ ಬೇಕು ಅಂದಿದೀನಿ," ಅಂದಳು. "ನನ್ನ ವೋಟ್ ಕೇಳೋ ಅಗತ್ಯ ಇಲ್ಲ."

"ಗೊತ್ತು. ಕೇಳೋಕೆ ಬಂದಿಲ್ಲ. ಕೊಡೋಕೆ ಬಂದೆ." ವರ್ನಾ ಹಾಳೆ ಚಾಚಿದಳು. ಮಳೆಗೆ ಮೂಲೆ ನೆನೆದು ಶಾಯಿ ಹರಡಿತ್ತು. "ಇವರೆಲ್ಲ ಆವಾಗ ಬೇಡ ಅಂದೋರು. ಈಗ ಬೇಕು ಅಂತಾರೆ. ನಿನ್ನ ಮನೆ ಇದ್ರಿಂದ ವಾಪಸ್ ಬರಲ್ಲ. ಅದೂ ಗೊತ್ತು ನಂಗೆ."

ಬ್ರಿಟಾ ಬೆರಳಿಟ್ಟು ಒಂದೊಂದಾಗಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಹತ್ತೇ ಇದೆ."

ವರ್ನಾ ಜೇಬಿನಿಂದ ಪೆನ್ನು ತೆಗೆದಳು. ಹಾಳೆಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು, ಎಲ್ಲಕ್ಕಿಂತ ಕೆಳಗೆ ತನ್ನ ಹೆಸರು ಬರೆದಳು. ಚೌಕಟ್ಟಿನ ಉಬ್ಬುತಗ್ಗಿಗೆ ಅಕ್ಷರ ಸೊಟ್ಟಗಾದವು.

ಬ್ರಿಟಾ ಆ ಹೆಸರನ್ನು ನೋಡುತ್ತ ನಿಂತಳು. ಒಳಗಿನಿಂದ ಆಸ್ಕರ್, "ಯಾರಮ್ಮಾ ಅದು?" ಅಂತ ಕೂಗಿದ.

"ಅಜ್ಜಿ ಕಣೋ," ಅಂದಳು ಬ್ರಿಟಾ. ಆಮೇಲೆ ತಾಯಿಯ ತೋಯ್ದ ತೋಳು ಹಿಡಿದು ಎಳೆದಳು. "ಒಳಗೆ ಬಾ ಅಮ್ಮ. ಬಾಗಿಲು ತೆಗೆದಿಟ್ರೆ ಹೀಟರ್ ಬಿಸಿ ಎಲ್ಲ ಹೊರಗೆ ಹೋಗುತ್ತೆ."